ಶಿಷ್ಯನು ತಿಳಿಯತಕ್ಕದ್ದು, ಕಲಿಯತಕ್ಕದ್ದು

ಶಿಷ್ಯನೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಮಠದಲ್ಲಿ ಶಿಷ್ಯರುಂಟು, ಗರಡಿಯಲ್ಲಿ ಶಿಷ್ಯರುಂಟು, ಸಂಗೀತಗಾರರ ಮನೆಯಲ್ಲಿಯೂ ಯಕ್ಷಗಾನದ ಮೇಳದಲ್ಲಿಯೂ ಶಿಷ್ಯರುಂಟು. ಗುರು ಹೇಳಿದ್ದನ್ನು ಕೇಳಿ, ಅವನು ಮಾಡಿದ್ದನ್ನು ನೋಡಿ, ತಪ್ಪಿದಲ್ಲಿ ಬೈಸಿಕೊಂಡು, ಮತ್ತೆ ಮಾಡಿ ತೋರಿಸುವವನೇ ಶಿಷ್ಯನು. ಬೈಬಲನ್ನು ಕನ್ನಡಕ್ಕೆ ತಂದವರು ಯೇಸುಸ್ವಾಮಿಯ ಹಿಂಬಾಲಕರಿಗೆ ಈ ಹಳೆಯ ಹೆಸರನ್ನೇ ಇಟ್ಟರು. ಮೂಲದ ಗ್ರೀಕ್ ಮಾತಿಗೂ ಕಲಿಯುವವನು ಎಂದೇ ಅರ್ಥ. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ‘ಕ್ರೈಸ್ತ’ ಎಂಬ ಹೆಸರು ಸಿಕ್ಕುವುದು ಮೂರೇ ಸಲ. ‘ಶಿಷ್ಯ’ ಎಂಬುದು ೨೫೦ಕ್ಕಿಂತ ಹೆಚ್ಚು ಸಲ ಬರುತ್ತದೆ. ಶಿಷ್ಯರನ್ನು ಮೊತ್ತಮೊದಲು ಕ್ರೈಸ್ತರೆಂದು ಕರೆದುದು ಅಂತಿಯೋಕ್ಯವೆಂಬ ಪಟ್ಟಣದಲ್ಲಿ. ಯೆರೂಸಲೇಮಿನಲ್ಲಿ ಕಿರುಕುಳ ಹೆಚ್ಚಿದಾಗ ಮನೆಮಾರು ಬಿಟ್ಟು ಚದುರಿದವರು ಆ ಪಟ್ಟಣಕ್ಕೂ ಹೋಗಿ ನೆಲೆಸಿದ್ದರು. ಪರಸ್ಥಳದಲ್ಲಿ ಬಾಳುವೆ ಮಾಡುತ್ತಿದ್ದ ವಿದ್ಯಾರ್ಥಿಗಳಿಗೆ ಬಂದ ಹೆಸರು ಅದು. ಗುಜರಾತಿನಲ್ಲಿರುವ ನಮಗೆ ಈ ಸಂಗತಿ ಹಿಡಿಸುತ್ತದೆ.

ಇಲ್ಲಿ ಕನ್ನಡ ಕ್ರೈಸ್ತ ಮನೆತನಗಳು ಬಹಳವಿಲ್ಲ. ಅಹಮದಾಬಾದಿನಲ್ಲಿ ಕೆಲವು, ವಡೋದರೆಯಲ್ಲಿ ಕೆಲವು, ಸೂರತ್ತಿನಲ್ಲಿ ಕೆಲವು. ಮಂಗಳೂರು ಉಡುಪಿಯ ಕಡೆಯವರು ಉಂಟು. ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆಯವರೂ ಉಂಟು. ಕೆಲವರ ಮನೆಮಾತು ಕೊಂಕಣಿ, ಕೆಲವರದು ತುಳು. ಹಿರಿಯರು ಓದಿ ಬರೆದ ಅಕ್ಷರ ಮಾತ್ರ ಕನ್ನಡವೇ. ರಾಜ್ಯೋತ್ಸವಕ್ಕೂ ಯುಗಾದಿಗೂ ನಾವು ಎಲ್ಲರೊಡನೆ ಸಂಘದಲ್ಲಿ ಸೇರುತ್ತೇವೆ. ಭಾನುವಾರ ಬೆಳಿಗ್ಗೆ ನಮ್ಮ ದಾರಿ ಬೇರೆಯಾಗುತ್ತದೆ. ಸಂಘದ ಸ್ನೇಹಿತರು ಒಮ್ಮೊಮ್ಮೆ ಕೇಳುವುದುಂಟು: ನಿಮ್ಮಲ್ಲಿ ಮಕ್ಕಳಿಗೆ ಏನನ್ನು ಹೇಳಿಕೊಡುತ್ತೀರಿ, ಕ್ರೈಸ್ತನಾದವನು ಇಷ್ಟನ್ನು ತಿಳಿದಿರಲೇಬೇಕೆಂಬ ಕಟ್ಟಳೆ ಉಂಟೆ? ನಮ್ಮ ಮಕ್ಕಳು ಕೇಳುವ ಪ್ರಶ್ನೆ ಇನ್ನೊಂದು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಬಸ್ಸಿನಲ್ಲಿ ಹಿಂದಿ. ಹೀಗಿರುವಾಗ ಪ್ರಾರ್ಥನೆಯನ್ನು ಕನ್ನಡದಲ್ಲಿ ಕಲಿಯುವುದೇಕೆ ಎನ್ನುತ್ತಾರೆ. ಈ ಎರಡು ಪ್ರಶ್ನೆಗಳೂ ಒಂದೇ ಮರದ ಕೊಂಬೆಗಳೆಂದು ನಮಗೆ ತೋರುತ್ತದೆ. ಯಾರನ್ನೂ ಅವರವರ ಮತದಿಂದ ಈಚೆಗೆ ಕರೆಯುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಏನನ್ನು ಹೇಳಿಕೊಡುತ್ತಾರೆಂಬುದನ್ನು ಅರಿತುಕೊಂಡರೆ ಸ್ನೇಹ ಗಟ್ಟಿಯಾಗುತ್ತದೆ. ಅಷ್ಟಕ್ಕಾಗಿ ಈ ಬರಹ.

ಮೊದಲು, ತಿಳಿಯತಕ್ಕದ್ದು. ಅದು ನಿಜವಾಗಿ ಬಹಳ ಸ್ವಲ್ಪ. ಯೇಸುವಿನ ಕಥೆಯನ್ನು ತಿಳಿದಿರಬೇಕು: ಆತನು ಹುಟ್ಟಿದ್ದು, ಬೋಧಿಸಿದ್ದು, ರೋಗಿಗಳನ್ನು ಮುಟ್ಟಿ ಗುಣಪಡಿಸಿದ್ದು, ಶಿಲುಬೆಯ ಮೇಲೆ ಸತ್ತದ್ದು, ಮೂರನೆಯ ದಿನ ಎದ್ದು ಬಂದನೆಂದು ಶಿಷ್ಯರು ಸಾಕ್ಷಿ ಹೇಳಿದ್ದು. ಇದು ನಾಲ್ಕು ಸುವಾರ್ತೆಗಳಲ್ಲಿ ಉಂಟು. ಆ ಕಥೆಯ ಸಾರವನ್ನು ಹೇಳುವ ವಿಶ್ವಾಸಪ್ರಮಾಣವನ್ನು ಬಾಯಲ್ಲಿ ಹೇಳಬಲ್ಲವನಾಗಿರಬೇಕು. ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳನ್ನೂ, ಆ ಹತ್ತನ್ನು ಯೇಸು ಎರಡರಲ್ಲಿ ಅಡಗಿಸಿದ ಬಗೆಯನ್ನೂ ಅರಿತಿರಬೇಕು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು ಆ ಎರಡರಲ್ಲಿ ಮೊದಲನೆಯದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎರಡನೆಯದು. ಕರ್ತನ ಪ್ರಾರ್ಥನೆ ಬರಬೇಕು. ದೀಕ್ಷಾಸ್ನಾನವೆಂದರೇನು, ಪ್ರಭುಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಏಕೆ ಹಂಚುತ್ತಾರೆ ಎಂಬುದು ತಿಳಿದಿರಬೇಕು. ಸಭೆಗಳು ಬೇರೆ ಬೇರೆಯಾಗಿದ್ದರೂ ಈ ಪಟ್ಟಿ ಹೆಚ್ಚು ಕಡಿಮೆ ಒಂದೇ. ರೋಮ್ ಸಭೆಯವರು ೧೯೯೨ರಲ್ಲಿ ಹೊರತಂದ ದೊಡ್ಡ ಧರ್ಮೋಪದೇಶ ಗ್ರಂಥವನ್ನು ತೆರೆದರೂ ವಿಶ್ವಾಸ, ಸಂಸ್ಕಾರ, ನಡತೆ, ಪ್ರಾರ್ಥನೆ ಎಂಬ ನಾಲ್ಕೇ ಭಾಗಗಳು ಕಾಣುತ್ತವೆ.

ಕರ್ತನ ಪ್ರಾರ್ಥನೆಯ ವಿಷಯದಲ್ಲಿ ಒಂದು ಮಾತು. ಅದರಲ್ಲಿ ‘ನಾನು’ ಎಂಬ ಮಾತೇ ಇಲ್ಲ. ತಂದೆ ನಮ್ಮವನು, ಅನ್ನವನ್ನು ನಮಗೆ ಕೊಡೆಂದು ಬೇಡುವುದು, ಕ್ಷಮೆಯೂ ನಮಗೇ, ಅದೂ ನಾವು ಇತರರನ್ನು ಕ್ಷಮಿಸಿರುವ ಅಳತೆಯಲ್ಲಿ. ಬಾಗಿಲು ಮುಚ್ಚಿಕೊಂಡು ಒಬ್ಬನೇ ಹೇಳಿದರೂ ಅದು ಹತ್ತು ಜನರ ಪ್ರಾರ್ಥನೆಯಾಗಿಯೇ ಹೊರಡುತ್ತದೆ. ದೂರದ ಊರಿನಲ್ಲಿ ಒಬ್ಬಂಟಿಯಾಗಿ ಕೋಣೆ ಹಿಡಿದು ಕೆಲಸಕ್ಕೆ ಸೇರಿದ ತರುಣನಿಗೆ ಈ ‘ನಾವು’ ಎಷ್ಟು ಆಸರೆಯೆಂಬುದನ್ನು ಊರು ಬಿಟ್ಟು ಬಂದವರೆಲ್ಲ ಬಲ್ಲರು.

ಈ ಸ್ವಲ್ಪವನ್ನು ಹೇಳಿಕೊಡುವ ಹೊಣೆ ಯಾರದು? ಜರ್ಮನಿಯಲ್ಲಿ ಮಾರ್ಟಿನ್ ಲೂಥರನು ೧೫೨೮ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬಂದನು. ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದು, ಹತ್ತು ಆಜ್ಞೆಗಳೂ ಬಾರವು. ಅನೇಕ ಪಾದ್ರಿಗಳ ಅವಸ್ಥೆಯೂ ಅದಕ್ಕಿಂತ ಮೇಲಿರಲಿಲ್ಲ. ಮರುವರ್ಷ, ೧೫೨೯ರಲ್ಲಿ, ಪ್ರಶ್ನೋತ್ತರ ರೂಪದ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಹೇಳಿಕೊಡತಕ್ಕದ್ದೆಂದು ಅದರಲ್ಲಿ ಸ್ಪಷ್ಟವಾಗಿ ಕಾಣಿಸಿದನು. ಶಾಲೆಯಾಗಲಿ ದೇವಾಲಯವಾಗಲಿ ಆಮೇಲಿನ ಮಾತು. ಮೊದಲನೆಯ ಪಾಠಶಾಲೆ ಮನೆಯ ಊಟದ ಸ್ಥಳ. ಮುಂದೆ ಜರ್ಮನಿ, ಸ್ವಿಟ್ಜರ್ಲೆಂಡಿನಿಂದ ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದಾಗ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುವ ಈ ಕ್ರಮವೂ ಅವರೊಡನೆ ಬಂತು. ನಮ್ಮಲ್ಲಿ ಹಿರಿಯ ತಲೆಮಾರಿನವರು ಕನ್ನಡ ಓದಲು ಕಲಿತದ್ದಕ್ಕೂ ಪ್ರಾರ್ಥನೆ ಕಲಿತದ್ದಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪ ಕೊಂಕಣಿಯಲ್ಲಿ ನಡೆದರೂ ಪುಸ್ತಕದ ಅಕ್ಷರ ಕನ್ನಡದ್ದಾಗಿತ್ತು. ೧೯೩೮ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕನ್ನಡ ಲಿಪಿಯಲ್ಲಿಯೇ ಅಚ್ಚಾಯಿತು.

ಇದಿಷ್ಟು ತಿಳಿಯುವುದಾಯಿತು. ಜಾಣ ಹುಡುಗನು ಒಂದು ಬೇಸಗೆಯ ರಜೆಯಲ್ಲಿ ಇದನ್ನೆಲ್ಲ ಒಪ್ಪಿಸಿ ಬಹುಮಾನ ತೆಗೆದುಕೊಳ್ಳಬಹುದು. ಅಷ್ಟರಿಂದ ಅವನು ಶಿಷ್ಯನಾದನೆ? ಮೊದಲ ಶತಮಾನಗಳ ಸಭೆ ಹಾಗೆ ಎಣಿಸಲಿಲ್ಲ. ರೋಮಿನ ಹಿಪ್ಪೊಲಿಟಸನ ಹೆಸರಿನಲ್ಲಿ ಬಂದಿರುವ, ಮೂರನೆಯ ಶತಮಾನದ್ದೆಂದು ಎಣಿಸುವ ಒಂದು ಹಳೆಯ ನಿಯಮಗ್ರಂಥ ಉಂಟು. ಹೊಸದಾಗಿ ಸೇರಬಯಸುವವನು ಮೂರು ವರ್ಷ ಪಾಠ ಕೇಳಬೇಕೆಂದು ಅದು ವಿಧಿಸುತ್ತದೆ. ಶ್ರದ್ಧೆಯುಳ್ಳವನಾದರೆ ಕಾಲವನ್ನು ಲೆಕ್ಕಿಸದೆ ಅವನ ನಡತೆಯನ್ನು ನೋಡತಕ್ಕದ್ದೆಂದೂ ಹೇಳುತ್ತದೆ. ಕೊನೆಯ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳು ವಿಚಿತ್ರವಾಗಿವೆ: ಈ ಮನುಷ್ಯನು ವಿಧವೆಯರನ್ನು ಗೌರವದಿಂದ ಕಂಡನೆ? ರೋಗಿಗಳ ಬಳಿಗೆ ಹೋಗಿ ಬಂದನೆ? ಸತ್ಕಾರ್ಯಗಳನ್ನು ಮಾಡಿದನೆ? ಉತ್ತರವನ್ನು ಅಭ್ಯರ್ಥಿಯು ಹೇಳುವಂತಿಲ್ಲ. ಅವನನ್ನು ಕರೆತಂದವರು ಅವನ ಪರವಾಗಿ ಸಾಕ್ಷಿ ನುಡಿಯಬೇಕು. ನೆರೆಹೊರೆಯವರ ಕೈಯಲ್ಲಿ ಅಂಕಪಟ್ಟಿ ಇರುವ ಇಂಥ ಪರೀಕ್ಷೆ ಬೇರೆಲ್ಲಿ ಉಂಟು! ತಿಳಿಯುವುದು ಬೇರೆ, ಕಲಿಯುವುದು ಬೇರೆ ಎಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು.

ಹಾಗಾದರೆ ಕಲಿಯತಕ್ಕದ್ದು ಯಾವುದು? ಅದಕ್ಕೆ ಪುಸ್ತಕದ ಉತ್ತರಕ್ಕಿಂತ, ನಾವಿರುವ ಈ ಮೂರು ಊರುಗಳಲ್ಲಿ ನಡೆದ ಸಂಗತಿಗಳನ್ನೇ ಹೇಳುವುದು ಲೇಸು.

ಮೊದಲನೆಯದು, ನೆರೆಯವನ ಮಾತನ್ನು ಕಲಿಯುವುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಆಗ ಕನ್ನಡ ಕಲಿಯುವ ಪರದೇಶಿಯ ಕೈಗೆ ಕೊಡುವುದಕ್ಕೆ ಅಚ್ಚಾದ ಒಳ್ಳೆಯ ಕೋಶವೇ ಇರಲಿಲ್ಲ. ಅದೇ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕೋಶಗಳು ಹೊರಬಂದುದು ೧೮೨೪ರಲ್ಲಿ ಮತ್ತು ೧೮೩೨ರಲ್ಲಿ. ಹ್ಯಾಂಡ್ಸ್ ಜನರ ಬಾಯಿಂದ ಮಾತು ಹೆಕ್ಕಿ ಹೆಕ್ಕಿ ಕಲಿತರು, ಬೈಬಲಿನ ಕನ್ನಡ ಭಾಷಾಂತರಕ್ಕೆ ಇಪ್ಪತ್ತು ವರ್ಷಗಳಷ್ಟು ಕಾಲ ದುಡಿದರು. ಅದೇ ಸಮಯದಲ್ಲಿ, ೧೮೧೫ರಲ್ಲಿ, ಅದೇ ಮಿಷನ್ನಿನ ಜೇಮ್ಸ್ ಸ್ಕಿನ್ನರ್, ವಿಲಿಯಂ ಫೈವಿ ಎಂಬಿಬ್ಬರು ನಮ್ಮ ಸೂರತ್ತಿಗೆ ಬಂದು ಗುಜರಾತಿಯ ಅಕ್ಷರ ತಿದ್ದತೊಡಗಿದರು. ೧೮೨೦ರ ದಶಕದಲ್ಲಿ ಅವರ ಗುಜರಾತಿ ಬೈಬಲು ಸೂರತ್ತಿನಲ್ಲಿ ಅಚ್ಚಾಯಿತು. ತಾಪಿಯ ದಡದಲ್ಲಿ ಇವರು, ಬಳ್ಳಾರಿಯ ಬಿಸಿಲಿನಲ್ಲಿ ಅವರು. ಒಂದೇ ಕಾಲದಲ್ಲಿ ಎರಡು ನುಡಿಗಳ ಮುಂದೆ ಪರದೇಶಿಯರು ಮಕ್ಕಳಂತೆ ಕುಳಿತಿದ್ದರು. ಬೋಧಿಸಲೆಂದು ಬಂದವರಿಗೆ ಮೊದಲು ಒದಗಿದ್ದು ವಿದ್ಯಾರ್ಥಿಯ ಮಣೆ.

ವಡೋದರೆಯವರಾದ ಕನ್ನಡಿಗರು ತಿಳಿದಿರಬೇಕಾದ ಹೆಸರೊಂದು ಉಂಟು: ಜೋಸೆಫ್ ವಾನ್ ಸೋಮರೆನ್ ಟೇಲರ್. ಇವರು ಹುಟ್ಟಿದ್ದು ೧೮೨೦ರಲ್ಲಿ, ನಮ್ಮ ಬಳ್ಳಾರಿಯಲ್ಲಿ. ತಂದೆ ಬಳ್ಳಾರಿಯಲ್ಲಿದ್ದು, ಆಮೇಲೆ ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಕೆಲಸವನ್ನು ಆರಂಭಿಸಿದವರು. ಮಗ ೧೮೪೦ರ ದಶಕದಲ್ಲಿ ವಡೋದರೆಗೆ ಬಂದರು. ಮುಂದೆ ಐರಿಷ್ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಸೇರಿ ಗುಜರಾತಿನಲ್ಲಿಯೇ ಕೆಲಸ ಮುಂದುವರಿಸಿದರು. ಬೈಬಲಿನ ಗುಜರಾತಿ ಭಾಷಾಂತರವನ್ನು ತಿದ್ದುವುದರಲ್ಲಿ ಕೈಗೂಡಿಸಿದರು. ಗುಜರಾತಿ ಕ್ರೈಸ್ತ ಗೀತೆಗಳ ‘ಕಾವ್ಯಾರ್ಪಣ’ ಎಂಬ ಸಂಗ್ರಹವನ್ನು ಮಾಡಿದರು. ೧೮೬೭ರಲ್ಲಿ ಅವರ ಗುಜರಾತಿ ವ್ಯಾಕರಣ ಹೊರಬಂತು. ಗುಜರಾತಿನ ವಿದ್ವಾಂಸರು ಆ ವ್ಯಾಕರಣವನ್ನು ಇಂದಿಗೂ ಆದರದಿಂದ ನೆನೆಯುತ್ತಾರೆ. ಕನ್ನಡ ನಾಡಿನಲ್ಲಿ ಹುಟ್ಟಿ, ಗುಜರಾತಿಗೆ ಬಂದು, ಗುಜರಾತಿಯವರೇ ಮೆಚ್ಚುವಂತೆ ಅವರ ಭಾಷೆಯ ನಿಯಮಗಳನ್ನು ಬರೆದಿಟ್ಟ ಮನುಷ್ಯನು ನಮಗೆ ನೆಂಟನಲ್ಲದೆ ಇನ್ನೇನು? ಮೂವತ್ತು ವರ್ಷ ಇಲ್ಲಿದ್ದೂ ತರಕಾರಿಯವನೊಡನೆ ಹಿಂದಿಯಲ್ಲಿಯೇ ವ್ಯವಹಾರ ಮುಗಿಸುವವರು ಟೇಲರರ ಹೆಸರನ್ನು ಒಮ್ಮೆ ನೆನೆಯಬಹುದು.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆ ನಮ್ಮಲ್ಲಿ ಉಂಟು. ದೇಶ ಸುತ್ತಿ ಬಂದು ನಮಗೆ ಕೋಶವನ್ನೇ ಬರೆದುಕೊಟ್ಟವರು ಫರ್ಡಿನೆಂಡ್ ಕಿಟ್ಟೆಲ್. ೧೮೫೩ರಲ್ಲಿ ಬಂದರು; ೧೮೯೪ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಈ ನಲವತ್ತು ವರ್ಷಗಳಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ೧೮೬೨ರಲ್ಲಿ ಹಾಡಿದರು. ಅವರಿಗಿಂತ ಮುಂಚೆ ಹರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರೆಂಬುದನ್ನು ಬಹಳ ಜನ ಮರೆತಿದ್ದಾರೆ. ತಮ್ಮ ಮತದ್ದಲ್ಲದ ಪುಸ್ತಕಗಳನ್ನು ಇಷ್ಟು ಆಸ್ಥೆಯಿಂದ ಕಾಪಾಡಿದವರಲ್ಲಿ ಶಿಷ್ಯಭಾವ ಇತ್ತೆಂದೇ ಹೇಳಬೇಕು. ಬಂದವರೆಲ್ಲ ಹೀಗೆಯೇ ಇದ್ದರೆಂದು ಹೇಳುವಂತಿಲ್ಲ. ಈ ನಾಡನ್ನು ಅರಿಯುವುದಕ್ಕೆ ಮುಂಚೆಯೇ ಹಳಿದವರು, ತಾವು ಕಲಿಸುವವರೇ ಹೊರತು ಕಲಿಯತಕ್ಕವರಲ್ಲವೆಂದು ಎಣಿಸಿದವರು ಬೇಕಾದಷ್ಟು ಮಂದಿ ಇದ್ದರು. ಅಂಥವರ ಹೆಸರು ವರದಿಗಳ ಕಡತದಲ್ಲಿ ಉಳಿಯಿತು. ಕಲಿತವರ ಹೆಸರು ಜನರ ಬಾಯಲ್ಲಿ ಉಳಿಯಿತು.

ಎರಡನೆಯದು, ನೆರೆಯವನ ಮನೆಯಲ್ಲಿ ಅತಿಥಿಯಾಗುವುದನ್ನು ಕಲಿಯುವುದು. ಇದಕ್ಕೆ ಅಹಮದಾಬಾದಿನಲ್ಲಿ ಒಂದು ದೊಡ್ಡ ಉದಾಹರಣೆ ದೊರೆಯುತ್ತದೆ. ಸ್ಪೇನ್ ದೇಶದ ಯೇಸುಸಭೆಯ ಸನ್ಯಾಸಿ ಕಾರ್ಲೋಸ್ ವಾಲೆಸ್ ೧೯೪೯ರಲ್ಲಿ ಭಾರತಕ್ಕೆ ಬಂದರು. ಮದರಾಸಿನಲ್ಲಿ ಗಣಿತ ಓದಿದರು. ಗುಜರಾತಿ ಕಲಿಯಬೇಕಾಗಿ ಬಂದಾಗ ವಲ್ಲಭ ವಿದ್ಯಾನಗರದ ವಿದ್ಯಾರ್ಥಿನಿಲಯದಲ್ಲಿ ಹುಡುಗರೊಡನೆ ಇದ್ದು ಕಲಿತರು. ೧೯೬೦ರಿಂದ ಅಹಮದಾಬಾದಿನ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಗುಜರಾತಿಯಲ್ಲಿ ಅವರು ಬರೆದ ಪ್ರಬಂಧಗಳನ್ನು ಮನೆಮನೆಯಲ್ಲಿ ಓದುತ್ತಿದ್ದರು. ೧೯೭೮ರಲ್ಲಿ ಗುಜರಾತಿ ಸಾಹಿತ್ಯದ ದೊಡ್ಡ ಗೌರವವಾದ ರಣಜಿತರಾಮ ಸುವರ್ಣಚಂದ್ರಕ ಅವರಿಗೆ ಬಂತು. ಜನರು ಅವರನ್ನು ‘ಸವಾಯಾ ಗುಜರಾತಿ’ ಎಂದರು. ಗುಜರಾತಿಯವನಿಗಿಂತ ಕಾಲುಪಾಲು ಹೆಚ್ಚು ಗುಜರಾತಿ ಎಂದು ಅರ್ಥ. ಅವರು ೨೦೨೦ರಲ್ಲಿ ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡರು.

ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಅವರ ಬರಹಕ್ಕಿಂತ ಅವರ ಇನ್ನೊಂದು ಸಾಹಸ. ಸಂಸ್ಥೆಯ ಸುಖವಾದ ಕೋಣೆಯನ್ನು ಬಿಟ್ಟು, ಅಹಮದಾಬಾದಿನ ಸಾಧಾರಣ ಕುಟುಂಬಗಳ ಬಾಗಿಲಿಗೆ ಹೋಗಿ, ಕೆಲವು ದಿನ ನಿಮ್ಮೊಡನೆ ಇರಲು ಬಿಡುವಿರಾ ಎಂದು ಕೇಳಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತ ಹತ್ತು ವರ್ಷ ಬಾಳಿದರು. ಮನೆಯವರು ಉಂಡದ್ದನ್ನೇ ಉಂಡರು, ಅವರೊಡನೆಯೇ ಮಲಗಿದರು. ಅಲ್ಲಿಂದಲೇ ಕಾಲೇಜಿಗೆ ಹೋಗಿ ಪಾಠ ಹೇಳಿದರು. ಅನ್ನ ಹಾಕುವವನಿಗೆ ದೊಡ್ಡವನೆಂಬ ಹಮ್ಮು ಬರುವುದು ಸುಲಭ. ಬೇಡಿ ಉಣ್ಣುವವನಿಗೆ ಅದು ಸಾಧ್ಯವಿಲ್ಲ. ಭಿಕ್ಷೆಯ ಮಹತ್ವ ನಮ್ಮ ಮಠಗಳಿಗೂ ಜಂಗಮರಿಗೂ ಹೊಸದಲ್ಲ. ಇಲ್ಲಿ ಅದು ಕ್ರೈಸ್ತ ಸನ್ಯಾಸಿಯ ಬಾಳಿನಲ್ಲಿ ಮರಳಿ ಕಾಣಿಸಿತು. ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಬುತ್ತಿಯನ್ನೂ ಹಣದ ಚೀಲವನ್ನೂ ಒಯ್ಯಬೇಡಿರೆಂದು ಹೇಳಿದ್ದ ಸಂಗತಿ ಸುವಾರ್ತೆಗಳಲ್ಲಿ ಉಂಟು. ಅದರ ಅರ್ಥವನ್ನು ನಾವು ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ವಾಲೆಸರನ್ನು ಕಂಡು ಅಹಮದಾಬಾದು ತಿಳಿಯಿತು.

ಮೂರನೆಯದು, ಕೆಳಗೆ ಕೂರುವುದನ್ನು ಕಲಿಯುವುದು. ನಮ್ಮ ನಾಡಿನಲ್ಲಿ ಶಿಷ್ಯನು ಗುರುವಿನ ಪಾದ ತೊಳೆಯುತ್ತಾನೆ. ಯೇಸು ಕಡೆಯ ರಾತ್ರಿ ಊಟದಿಂದ ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ತಾನೇ ಶಿಷ್ಯರ ಪಾದಗಳನ್ನು ತೊಳೆದನು. ಪೇತ್ರನು ನಾಚಿ ಕಾಲು ಹಿಂದೆಗೆದನು. ಆದರೂ ಗುರು ಬಿಡಲಿಲ್ಲ. ನೀವೂ ಒಬ್ಬರಿಗೊಬ್ಬರು ಹೀಗೆ ಮಾಡತಕ್ಕದ್ದೆಂದು ಹೇಳಿದನು. ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಹಿಂದಿನ ಸಂಜೆ, ಅನೇಕ ದೇವಾಲಯಗಳಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವ ವಿಧಿ ಇಂದಿಗೂ ನಡೆಯುತ್ತದೆ. ವಿಧಿಯನ್ನು ನೋಡುವುದು ಸುಲಭ. ಅದರ ಪಾಠ ಒದಗಿ ಬರುವ ದಿನ ಬೇರೆಯೇ.

ಸೂರತ್ತಿನವರಿಗೆ ಆ ದಿನ ೧೯೯೪ರ ಸೆಪ್ಟೆಂಬರಿನಲ್ಲಿ ಬಂತು. ನೆರೆ ಇಳಿದ ಮೇಲೆ ಊರಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು, ಬಸ್ಸು ಹಿಡಿದು ಊರು ಬಿಟ್ಟರು. ಅನೇಕ ಖಾಸಗಿ ವೈದ್ಯರೂ ಬಾಗಿಲು ಹಾಕಿಕೊಂಡು ಹೊರಟುಹೋದರು. ಓಡಿಹೋದವರನ್ನು ನಿಂದಿಸುವುದು ನ್ಯಾಯವಲ್ಲ. ಎಳೆಯ ಮಕ್ಕಳನ್ನು ಕಟ್ಟಿಕೊಂಡವನಿಗೆ ಭಯ ಸಹಜ. ಆದರೆ ಉಳಿದವರಾರು ಎಂದು ಕೇಳಬೇಕು. ಸರಕಾರಿ ಆಸ್ಪತ್ರೆಯ ವೈದ್ಯರು, ದಾದಿಯರು, ಕಸ ಎತ್ತಿ ಚರಂಡಿ ತೆಗೆದ ನಗರಪಾಲಿಕೆಯ ಕೆಲಸಗಾರರು ಉಳಿದರು. ಮರುವರ್ಷ ಎಸ್. ಆರ್. ರಾವ್ ಅವರು ಕಮಿಷನರಾಗಿ ಬಂದ ಮೇಲೆ ಸೂರತ್ತು ಚೊಕ್ಕಟವಾದ ಊರೆಂದು ಹೆಸರು ಪಡೆಯಿತು. ಆ ಹೆಸರಿನ ಹಿಂದೆಯೂ ಈ ಕಸಬರಿಗೆಯ ಕೈಗಳೇ ಇದ್ದವು. ಕ್ರಿ. ಶ. ೨೫೦ರ ಸುಮಾರಿಗೆ ಕಾರ್ಥೇಜಿನಲ್ಲಿ ಘೋರ ವ್ಯಾಧಿ ಬಂದಾಗ ಅಲ್ಲಿಯ ಬಿಷಪ್ ಸಿಪ್ರಿಯಾನನು ತನ್ನ ಸಭೆಯವರಿಗೆ ಸ್ವಮತದವರನ್ನಷ್ಟೇ ಅಲ್ಲ, ಹಿಂಸಿಸಿದವರನ್ನೂ ಉಪಚರಿಸಬೇಕೆಂದು ಬೋಧಿಸಿದನೆಂದು ಚರಿತ್ರೆ ಹೇಳುತ್ತದೆ. ಕಾಲು ತೊಳೆಯುವ ಪಾಠ ಅದುವೇ. ಸೂರತ್ತಿನಲ್ಲಿ ಆ ಪಾಠವನ್ನು ಒಪ್ಪಿಸಿದವರಲ್ಲಿ ಬಹಳ ಮಂದಿ ಯೇಸುವಿನ ಹೆಸರು ಹೇಳುವವರಾಗಿರಲಿಲ್ಲ. ಶಿಷ್ಯನಾದವನು ಇದನ್ನು ಕಂಡು ಮುಜುಗರಪಡಬೇಕಾಗಿಲ್ಲ. ತನಗಿಂತ ಚೆನ್ನಾಗಿ ಪಾಠ ಬಲ್ಲವರಿಂದ ಕಲಿಯುವುದು ವಿದ್ಯಾರ್ಥಿಗೆ ಶೋಭೆಯೇ.

ಹೀಗೆ ಹೊರಗಿನವರಿಂದ ಕಲಿಯಬಹುದೆ ಎಂದು ಸಂದೇಹಪಡುವವರು ಗಾಂಧೀಜಿಯನ್ನು ನೆನೆಯಲಿ. ಅಹಮದಾಬಾದಿನ ಕೋಚರಬಿನಲ್ಲಿ ೧೯೧೫ರಲ್ಲಿ, ಸಾಬರಮತಿಯ ದಡದಲ್ಲಿ ೧೯೧೭ರಲ್ಲಿ ಆಶ್ರಮ ಕಟ್ಟಿದ ಅವರು ಪರ್ವತಪ್ರಸಂಗವನ್ನು ತರುಣರಾಗಿದ್ದಾಗಲೇ ಓದಿ ಮನಸ್ಸಿಗೆ ತಂದುಕೊಂಡಿದ್ದರು, ಕ್ರೈಸ್ತರಾಗಲಿಲ್ಲ. ಕ್ರೈಸ್ತ ಧರ್ಮ ಈ ದೇಶದ್ದಾಗಬೇಕಾದರೆ ನಾವು ಏನು ಮಾಡಬೇಕೆಂದು ಅಮೇರಿಕದ ಮಿಷನರಿ ಸ್ಟಾನ್ಲಿ ಜೋನ್ಸ್ ಅವರನ್ನು ಕೇಳಿದರು. ಆ ಸಂವಾದವನ್ನು ಜೋನ್ಸ್ ೧೯೨೫ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಗಾಂಧೀಜಿ ಹೇಳಿದ್ದು ನಾಲ್ಕು ಸಂಗತಿ. ಎಲ್ಲ ಕ್ರೈಸ್ತರೂ ಮೊದಲು ಕ್ರಿಸ್ತನಂತೆ ಬಾಳತೊಡಗಬೇಕು. ತಮ್ಮ ಧರ್ಮವನ್ನು ನೀರು ಬೆರೆಸದೆ, ತಗ್ಗಿಸದೆ ಆಚರಿಸಬೇಕು. ಪ್ರೀತಿಯನ್ನೇ ಮುಂದಿಡಬೇಕು, ಅದೇ ಆ ಧರ್ಮದ ತಿರುಳು. ಇತರ ಧರ್ಮಗಳಲ್ಲಿರುವ ಒಳಿತನ್ನು ಹೆಚ್ಚಿನ ಸಹಾನುಭೂತಿಯಿಂದ ಅಭ್ಯಾಸಮಾಡಬೇಕು. ಶಿಷ್ಯನಾದವನಿಗೆ ಇದಕ್ಕಿಂತ ಚೊಕ್ಕವಾದ ಪಠ್ಯಕ್ರಮವನ್ನು ಯಾವ ಪಾದ್ರಿಯೂ ಬರೆದುಕೊಡಲಾರನು. ಎರಡನೆಯ ಮಾತನ್ನೂ ನಾಲ್ಕನೆಯ ಮಾತನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಗಮನಿಸಬೇಕು. ತನ್ನದನ್ನು ಸಡಿಲಿಸಿದರೆ ಮಾತ್ರ 
ಇತರರದನ್ನು ಮೆಚ್ಚಲು ಸಾಧ್ಯವೆಂಬ ಭ್ರಮೆ ಅವರಿಗೆ ಇರಲಿಲ್ಲ.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಪ್ರಾರ್ಥನೆ ಯಾವ ಭಾಷೆಯಲ್ಲಿ? ಕರ್ನಾಟಕದಲ್ಲಿ ಬಾಸೆಲ್ ಮಿಷನ್ನಿನ ಸಭೆಗಳವರು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡರು. ಆ ಸಭೆ ೧೯೪೭ರಲ್ಲಿ ಸ್ಥಾಪನೆಯಾದದ್ದು. ಇಲ್ಲಿ ೧೯೭೦ರಲ್ಲಿ ಆರಂಭವಾದ ಉತ್ತರ ಭಾರತ ಸಭೆಯ ದೇವಾಲಯಗಳಿವೆ, ಮೆಥೊಡಿಸ್ಟರ ದೇವಾಲಯಗಳಿವೆ. ಕಥೋಲಿಕರಿಗೆ ವ್ಯಾಟಿಕನ್ನಿನ ಮಹಾಸಭೆ ೧೯೬೩ರಲ್ಲಿ ಪೂಜೆಯಲ್ಲಿ ದೇಶಭಾಷೆಗೆ ಎಡೆಕೊಟ್ಟಿತು. ಆದುದರಿಂದ ಮಂಗಳೂರಿನಲ್ಲಿ ಕೊಂಕಣಿಯಲ್ಲಿ ನಡೆಯುವ ಪೂಜೆ ಇಲ್ಲಿ ಗುಜರಾತಿಯಲ್ಲಿ ನಡೆಯುತ್ತದೆ. ಗುಜರಾತಿ ಸಭೆಯ ನಡುವೆ ಕುಳಿತು ತಾಳ ತಪ್ಪದೆ ಅವರ ಭಜನೆಯನ್ನು ಹಾಡುವುದು ಶಿಷ್ಯನು ಕಲಿಯತಕ್ಕ ಪಾಠ. ಅದು ಟೇಲರರು ಹಿಡಿದ ದಾರಿ. ಅನುವಾದದ ಆಸರೆ ಹುಡುಕದೆ, ಇಂಗ್ಲಿಷಿನ ಆರಾಧನೆಗೆ ತಪ್ಪಿಸಿಕೊಂಡು ಹೋಗದೆ, ಇಲ್ಲಿಯ ಜನರ ಮಾತಿನಲ್ಲಿ ಅವರೊಡನೆ ದೇವರ ಮುಂದೆ ನಿಲ್ಲುವುದು ನೆರೆಯವನನ್ನು ಪ್ರೀತಿಸುವ ಮೊದಲ ಹೆಜ್ಜೆ.

ಹಾಗೆಂದು ಮನೆಯ ಮಾತನ್ನು ಬಿಡುವುದೆ? ನಾವು ಹಾಗೆ ಎಣಿಸುವುದಿಲ್ಲ. ನಮ್ಮ ಹಿರಿಯರು ಕಾಯಿಲೆ ಬಿದ್ದಾಗ, ಜ್ವರದ ತಾಪದಲ್ಲಿ ಇತ್ತೀಚಿನ ಮಾತುಗಳೆಲ್ಲ ಜಾರಿಹೋದ ಮೇಲೆಯೂ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ತುಟಿಯ ಮೇಲೆ ಬರುತ್ತದೆ. ಹಾಸಿಗೆಯ ಬಳಿ ಕುಳಿತ ಮೊಮ್ಮಗಳಿಗೆ ಆ ಪ್ರಾರ್ಥನೆಯ ಮುಂದಿನ ಸಾಲು ಬರಬೇಕು. ಅಜ್ಜನ ದನಿ ನಿಂತಲ್ಲಿಂದ ಅವಳು ಮುಂದುವರಿಸಬಲ್ಲವಳಾದರೆ, ಆ ಮುದುಕನು ಪರನಾಡಿನ ಆಸ್ಪತ್ರೆಯಲ್ಲಿದ್ದರೂ ಸ್ವಂತ ಮನೆಯಲ್ಲಿಯೇ ಕಣ್ಣು ಮುಚ್ಚಿದಂತೆ. ಆ ಒಂದು ಸಾಲು ಅವಳಿಗೆ ಬಾರದೆ ಹೋದರೆ ಆ ಗಳಿಗೆಯನ್ನು ತುಂಬಿಕೊಡಲು ಯಾವ ಪಾದ್ರಿಗೂ ಯಾವ ವೈದ್ಯನಿಗೂ ಸಾಧ್ಯವಿಲ್ಲ. ಆದುದರಿಂದ ತಿಳಿಯತಕ್ಕ ಆ ಸ್ವಲ್ಪವನ್ನು ಮನೆಯ ಮಾತಿನಲ್ಲಿ ತಿಳಿಯಲಿ. ಕಲಿಯತಕ್ಕ ಆ ಬಹಳವನ್ನು ಊರಿನ ಮಾತಿನಲ್ಲಿ ಕಲಿಯಲಿ. ಒಂದು ಬೇರು, ಇನ್ನೊಂದು ಕೊಂಬೆ. ಗಿಡಕ್ಕೆ ಎರಡೂ ಬೇಕು.

ಇದಕ್ಕೆ ದೊಡ್ಡ ಏರ್ಪಾಡು ಬೇಕಾಗಿಲ್ಲ. ರಾತ್ರಿ ಊಟಕ್ಕೆ ಮುಂಚೆ ಎರಡು ನಿಮಿಷ ಕರ್ತನ ಪ್ರಾರ್ಥನೆಯನ್ನು ಮನೆಮಾತಿನಲ್ಲಿ ಎಲ್ಲರೂ ಸೇರಿ ಹೇಳಿದರೆ ವರ್ಷದೊಳಗೆ ಚಿಕ್ಕ ಮಗುವಿಗೂ ಬರುತ್ತದೆ. ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರು ಹೇಳಿಯೇ ಇದ್ದಾರೆ. ವಾರಕ್ಕೊಂದು ಸಾಮ್ಯ, ಕಳೆದ ಕುರಿಯದ್ದೋ ತಪ್ಪಿಹೋದ ಮಗನದ್ದೋ, ಕಥೆಯಾಗಿ ಹೇಳಿದರೆ ಸಾಕು. ಅಜ್ಜ ಅಜ್ಜಿ ದೂರದ ಧಾರವಾಡದಲ್ಲಿಯೋ ಮಂಗಳೂರಿನಲ್ಲಿಯೋ ಇದ್ದರೆ ಫೋನಿನಲ್ಲಿಯೇ ಆ ಕಥೆಯನ್ನು ಹೇಳಲಿ, ಅವರಿಗೂ ಕೆಲಸವಾಗುತ್ತದೆ. ಇನ್ನು ಕಲಿಯುವ ಪಾಠಕ್ಕೆ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಬೇಕು: ಮಹಡಿಯ ಮೇಲಿನ ಗುಜರಾತಿ ಅಜ್ಜಿಗೆ ಕಾಯಿಲೆಯಾದಾಗ, ಕಟ್ಟಡದ ಕಾವಲುಗಾರನ ಮನೆಯಲ್ಲಿ ಸಾವಾದಾಗ, ಬೀದಿ ಗುಡಿಸುವವಳ ಹೆಸರು ಕೇಳಿ ತಿಳಿದುಕೊಳ್ಳುವಾಗ. ಇವನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ.

ಸಂಘದ ಇತರ ಮನೆಗಳಿಗೂ ಈ ಮಾತು ಸಲ್ಲುತ್ತದೆಂದು ನಾವು ನಂಬಿದ್ದೇವೆ. ವಿಷ್ಣುಸಹಸ್ರನಾಮವಾಗಲಿ, ವಚನವಾಗಲಿ, ನಮಾಜಾಗಲಿ, ಣಮೋಕಾರ ಮಂತ್ರವಾಗಲಿ, ಅವರವರ ಮನೆಯಲ್ಲಿ ಆ ಬೇರು ಒಣಗದಿರಲಿ. ಊರು ಬಿಟ್ಟು ಬಂದವನು ಹೇಗೂ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾದವನು: ಬೀದಿಯ ಹೆಸರು, ಬೇಳೆಯ ಹೆಸರು, ನೆರೆಯವರ ಹಬ್ಬದ ಹೆಸರು. ಅದನ್ನು ಕಷ್ಟವೆಂದು ನರಳಬಹುದು, ಶಿಷ್ಯತ್ವವೆಂದು ಒಪ್ಪಿಕೊಳ್ಳಲೂಬಹುದು. ನಮ್ಮ ಗುರುವು ತನ್ನ ಹಿಂಬಾಲಕರಿಗೆ ಕೊಟ್ಟ ಹೆಸರು ಎರಡನೆಯದು. ವಯಸ್ಸು ಎಷ್ಟಾದರೂ ಆ ಶಾಲೆಯಿಂದ ಬಿಡುಗಡೆಯಿಲ್ಲ. ಹೊಸ ವಿದ್ಯಾರ್ಥಿಗೆ ಅಲ್ಲಿ ಎಂದೂ ಸ್ಥಳವುಂಟು.